ಎರಡು ಮನೆ ಕೆಳಗೆ

ಭಾನುವಾರ, ಮಾರ್ಚ್ ೯

ಪ್ರೀತಿಯ ಮಗಳೇ,

ನಾವಿಬ್ಬರೂ ಆರೋಗ್ಯ. ನೀವು ಮೂವರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳ ಮೇಲೆ ನಾಲ್ಕು ದಿನವಾಯಿತು. ಎಣಿಸಿ ಹೇಳಿದವರು ನಿನ್ನ ಅಪ್ಪ. "ಮಗಳ ಕಾಗದಕ್ಕೆ ಉತ್ತರ ಬರೆಯೋಕೆ ಮುಹೂರ್ತ ನೋಡ್ತಿದೀಯಾ?" ಎಂದು ದಿನವೂ ಚುಚ್ಚುತ್ತಾರೆ. ಬರೆಯಲಿಲ್ಲವೆಂದಲ್ಲ. ನಾಲ್ಕು ಸಲ ಶುರು ಮಾಡಿದೆ. ನಾಲ್ಕು ಸಲವೂ "ನಾವಿಬ್ಬರೂ ಆರೋಗ್ಯ" ಎಂಬಲ್ಲಿಗೆ ಪೆನ್ನು ನಿಂತಿತು. ತಡವಾದದ್ದಕ್ಕೆ ಬೈದುಕೊಂಡಿರುತ್ತೀಯ. ಬೈದುಕೋ, ಅದು ನನಗೆ ಸಲ್ಲಬೇಕಾದದ್ದೇ.

ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ, ಚಿಲ್ಲರೆ ಮಾತೆಲ್ಲ ಫೋನಿಗೆ, ತೂಕದ ಮಾತು ಕಾಗದಕ್ಕೆ. ನೀನು ಹದಿಮೂರು ವರ್ಷದವಳಿದ್ದಾಗ ಆರು ವಾರ ಮಾತೇ ಆಡದೆ, ಅಪ್ಪ ಮುದ್ರಣಾಲಯದಿಂದ ತಂದ ಪ್ರೂಫ್ ಹಾಳೆಗಳ ಬೆನ್ನ ಮೇಲೆ ಬೇಕುಬೇಡಗಳನ್ನೆಲ್ಲ ಬರೆದು ತೋರಿಸುತ್ತಿದ್ದೆಯಲ್ಲ, ಅಲ್ಲಿಂದ ಹತ್ತಿದ ಚಟ ಇದು. ಆ ಚೀಟಿಗಳಲ್ಲಿ ಕೆಲವು ಇನ್ನೂ ನನ್ನ ಹತ್ತಿರ ಇವೆ. "ದಿಂಬು ಬದಲಾಯಿಸು." "ಅಪ್ಪನ ಗೊರಕೆ ಕೇಳಿಸ್ತಿದೆ, ಬಾಗಿಲು ಹಾಕು." "ನನಗೆ ಮತ್ತೆ ಹಾಡೋಕೆ ಬರುತ್ತಾ?"

ಅಪ್ಪ ಈಗಲೂ ಅರ್ಧ ದಿನ ಮುದ್ರಣಾಲಯಕ್ಕೆ ಹೋಗಿ ಪ್ರೂಫ್ ನೋಡುತ್ತಾರೆ. ಮನೆಗೆ ಬಂದ ಮದುವೆಯ ಕರೆಯೋಲೆಯಲ್ಲೂ ಕಾಗುಣಿತ ತಿದ್ದುತ್ತಾರೆ, ಯಾರದೆಂದು ಆಮೇಲೆ ನೋಡುತ್ತಾರೆ. ನಿನಗೆ ಬರೆಯುವ ಪ್ರತಿ ಕಾಗದವನ್ನೂ ಅವರೇ ಮೊದಲು ಓದಿ ಕೆಂಪು ಪೆನ್ನು ಆಡಿಸುವುದು ವಾಡಿಕೆ. ಇದನ್ನು ಮಾತ್ರ ಅವರಿಗೆ ಕೊಡುವುದಿಲ್ಲ. ತಪ್ಪುಗಳಿದ್ದರೆ ಹಾಗೇ ಓದಿಕೋ.

ನನ್ನ ಗಾಯನವೃಂದದ ಸುದ್ದಿ ಹೇಳುತ್ತೇನೆ. ಈಗ ಇಪ್ಪತ್ತೆರಡು ಮಕ್ಕಳಿದ್ದಾರೆ. ಅದೇ ಎರಡನೇ ಮಹಡಿಯ ಉದ್ದನೆಯ ಕೋಣೆ, ಅದೇ ಕಿರುಗುಟ್ಟುವ ಬೆಂಚುಗಳು. ಹಳೆಯ ಕೀಬೋರ್ಡ್ ಸತ್ತುಹೋಗಿ ಹೊಸದು ಬಂದಿದೆ. ನಾನು ಮಾತ್ರ ಹಳಬಳೇ. ಇವತ್ತಿಗೂ ಬಿಳಿ ಮನೆಗಳ ಮೇಲಷ್ಟೇ ನುಡಿಸುತ್ತೇನೆ. ಶ್ರುತಿ ಏರಿಸಬೇಕೋ ಇಳಿಸಬೇಕೋ, ಪಕ್ಕದ ಗುಂಡಿ ಒತ್ತುತ್ತೇನೆ. ಎರಡು ಸಲ ಒತ್ತಿದರೆ ಎರಡು ಮನೆ ಕೆಳಗೆ. ಬೆರಳು ಇದ್ದಲ್ಲೇ ಇರುತ್ತದೆ, ನಾದ ಮಾತ್ರ ಇಳಿಯುತ್ತದೆ. "ಕಪ್ಪು ಮನೆ ಕಂಡರೆ ಹೆದರುವ ಸಂಗೀತದ ಟೀಚರ್ ಲೋಕದಲ್ಲಿ ನೀನೊಬ್ಬಳೇ" ಎಂದು ಅಪ್ಪ ನಗುತ್ತಿದ್ದದ್ದು ನಿನಗೆ ನೆನಪಿರಬೇಕು.

ಆ ಇಪ್ಪತ್ತೆರಡರಲ್ಲಿ ಒಬ್ಬಳು ಹನ್ನೊಂದು ವರ್ಷದವಳು. ಕಂಚಿನ ಕಂಠ ಅಂತೀವಲ್ಲ, ಅಂಥದ್ದು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು "ಕಂಚು". ಅವಳು ಬಾಯಿ ತೆರೆದರೆ ಕೆಳಗಿನ ಅಂಗಡಿಯವರು ಅಂಗಳಕ್ಕೆ ಬಂದು ತಲೆ ಎತ್ತಿ ನೋಡುತ್ತಾರೆ. ಹಾಡುವಾಗ ಎಷ್ಟು ಗಟ್ಟಿಯೋ ಆಡುವಾಗ ಅದರ ಎರಡರಷ್ಟು. ಮೆಟ್ಟಿಲ ಮೇಲೆ ಕಿರುಚುವುದು, ಗೇಟಿನಿಂದ ಕೂಗುವುದು, ತಮ್ಮನ ಜೊತೆ ಜಗಳ. ಡಿಸೆಂಬರಿನಲ್ಲಿ ಅವಳ ಧ್ವನಿ ಒಡೆಯತೊಡಗಿತು. ಬೆಳಿಗ್ಗೆ ಗೊಗ್ಗರು, ಮಧ್ಯಾಹ್ನಕ್ಕೆ ಸ್ವಲ್ಪ ಪರವಾಗಿಲ್ಲ, ಸಂಜೆ ಮತ್ತೆ ಗೊಗ್ಗರು. ಮೇಲಿನ ಸ್ವರ ಬಂದಾಗ ಕತ್ತಿನ ನರ ಎದ್ದು ನಿಲ್ಲುತ್ತಿತ್ತು. ನನಗೆ ಆ ಕತ್ತು ಗೊತ್ತಿತ್ತು ಮಗಳೇ. ಇಪ್ಪತ್ತೊಂದು ವರ್ಷದ ಹಿಂದೆ ಅದೇ ಕತ್ತನ್ನು ದಿನಾ ಎರಡು ಹೊತ್ತು ನೋಡಿದ್ದೆ.

ವಾರ್ಷಿಕ ಕಾರ್ಯಕ್ರಮಕ್ಕೆ ಆರು ವಾರ ಇತ್ತು. ನಮ್ಮ ಸಂಘದ ಕಾರ್ಯದರ್ಶಿ ಒಳ್ಳೆಯವರೇ, ಆದರೆ ಕರಪತ್ರ ಅಚ್ಚಾದ ಮೇಲೆ ಅವರ ಕಿವಿಗೆ ಬೇರೇನೂ ಹೋಗುವುದಿಲ್ಲ. "ಮೇಡಂ, ಒಂದು ಚಮಚ ಜೇನುತುಪ್ಪ ನೆಕ್ಕಿಸಿ, ಬಿಸಿನೀರು ಕುಡಿಸಿ. ಮಕ್ಕಳ ಗಂಟಲು ರಬ್ಬರ್ ಇದ್ದ ಹಾಗೆ, ಎಳೆದಷ್ಟೂ ಬರುತ್ತೆ" ಎಂದರು. ನಾನು ಜಗಳ ಆಡಲಿಲ್ಲ. ಆಡುವ ಯೋಗ್ಯತೆ ನನಗೆಲ್ಲಿತ್ತು? ಅದೇ ಮಾತನ್ನು ಒಂದು ಕಾಲದಲ್ಲಿ ನಾನೇ ಬೇರೆಯವರಿಗೆ ಹೇಳಿದ್ದೆ. ಕಂಚುವಿನ ಅಮ್ಮನನ್ನು ಕರೆಸಿ, ಮೂವರೂ ಗಂಟಲಿನ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರು ಒಬ್ಬ ಸಣ್ಣ ಹೆಂಗಸು. ಎದುರಿನವರು ತಾವಾಗಿಯೇ ಗಲಾಟೆ ನಿಲ್ಲಿಸುವಷ್ಟು ಮೆಲ್ಲಗೆ ಮಾತಾಡುತ್ತಾರೆ. ಕಂಚುವಿನ ಗಂಟಲಿಗೆ ತೆಳ್ಳನೆಯ ಕೊಳವೆ ಇಳಿಸಿ, ಪರದೆಯ ಮೇಲೆ ತೋರಿಸಿದರು. ಮುತ್ತಿನ ಬಣ್ಣದ ಎರಡು ಸಣ್ಣ ಮಡಿಕೆಗಳು, ಹಾಡಿದಾಗ ಒಂದಕ್ಕೊಂದು ತಾಕುತ್ತವೆ. ಎರಡರ ಅಂಚಿನಲ್ಲೂ ಎದುರುಬದುರಾಗಿ ಒಂದೊಂದು ಪುಟ್ಟ ಗಂಟು. "ಬಟ್ಟೆ ಒಗೆದೂ ಒಗೆದೂ ಅಂಗೈ ದಡ್ಡುಗಟ್ಟಲ್ವಾ? ಇದೂ ಅಷ್ಟೇ. ಆಪರೇಷನ್ ಎಲ್ಲ ಬೇಡ. ಈ ವಯಸ್ಸಲ್ಲಿ ಸರಿಯಾಗಿ ನೋಡಿಕೊಂಡ್ರೆ ತಾನಾಗೇ ಕರಗುತ್ತೆ" ಎಂದರು.

ನಾನು ಜಾಣೆಯ ಹಾಗೆ, "ಒಂದು ವಾರದಿಂದ ಬರೀ ಪಿಸುಮಾತು ಆಡಿಸ್ತಿದೀನಿ ಡಾಕ್ಟ್ರೇ" ಅಂದೆ.

"ಅದನ್ನ ಮೊದಲು ನಿಲ್ಲಿಸಿ. ಪಿಸುಗುಟ್ಟೋದು ವಿಶ್ರಾಂತಿ ಅಲ್ಲ, ಅದೂ ಗಂಟಲಿಗೆ ದುಡಿಮೆಯೇ. ಆಡಿದ್ರೆ ಮೆಲ್ಲಗೆ, ಸಹಜವಾಗಿ ಆಡಲಿ. ಇಲ್ಲಾ ಸುಮ್ಮನಿರಲಿ."

ನಿನಗೆ ಶೀತವಾಗಿದ್ದ ಆ ಮೂರು ವಾರ, ಮನೆಯಲ್ಲಿ ಪಿಸುಮಾತು ಬಿಟ್ಟು ಬೇರೆ ಮಾತು ಕೂಡದೆಂದು ಕಾನೂನು ಮಾಡಿದವಳು ನಾನು. ಅಡುಗೆಮನೆಯಿಂದ ನೀನು "ಅಮ್ಮಾ" ಎಂದು ಕರೆದರೆ ಬೆರಳು ತುಟಿಯ ಮೇಲಿಟ್ಟು ಕಣ್ಣು ಬಿಡುತ್ತಿದ್ದೆ. ನೀನು ಬಂದು ಕಿವಿಯಲ್ಲಿ ಉಸುರುತ್ತಿದ್ದೆ. ಧ್ವನಿಯನ್ನು ಡಬ್ಬಿಯಲ್ಲಿ ಹಾಕಿ ಸ್ಪರ್ಧೆಯ ದಿನಕ್ಕೆ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಅದೇ ಡಬ್ಬಿಯನ್ನು ಕೆರೆದೂ ಕೆರೆದೂ ಖಾಲಿ ಮಾಡಿದೆ.

ಹೊರಡುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು. "ನೋಯ್ತಿದೆ, ಆಗ್ತಿಲ್ಲ ಅಂತ ಮಗು ಹೇಳಿದ್ರೆ ನಂಬಿ. ನನ್ನ ಯಂತ್ರಕ್ಕಿಂತ ಮೊದಲು ಅವರಿಗೇ ಗೊತ್ತಾಗಿರುತ್ತೆ." ಕಂಚುವಿನ ಅಮ್ಮ ತಲೆ ಆಡಿಸಿದಳು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದೆ.

ಅವತ್ತಿನಿಂದ ನಮ್ಮ ಕೋಣೆಯಲ್ಲಿ ಎಲ್ಲ ಬದಲು. ಪ್ರತಿ ಮಗುವಿನ ಪಕ್ಕ ನೀರಿನ ಬಾಟಲಿ. ಇಪ್ಪತ್ತು ನಿಮಿಷ ಹಾಡು, ಹತ್ತು ನಿಮಿಷ ಬಿಡುವು. ಬಿಡುವಿನಲ್ಲಿ ಕೂಗಾಟ ಇಲ್ಲ, ಚಿತ್ರ ಬರೆಯುತ್ತಾರೆ. ಮೊದಲು ಗುನುಗಿ, ತುಟಿ ಬುರ್ರೆನ್ನಿಸಿ, ಗಂಟಲು ಬೆಚ್ಚಗಾದ ಮೇಲಷ್ಟೇ ಹಾಡು. (ಇಪ್ಪತ್ತೆರಡು ಮಕ್ಕಳು ಒಟ್ಟಿಗೆ ತುಟಿ ಬುರ್ರೆನ್ನಿಸಿದರೆ ಬಸ್ ನಿಲ್ದಾಣದಲ್ಲಿ ನಿಂತ ಹಾಗಿರುತ್ತದೆ. ಕಾರ್ಯದರ್ಶಿಗಳು ಒಮ್ಮೆ ಬಾಗಿಲವರೆಗೆ ಬಂದು ಹಾಗೇ ಹಿಂದಕ್ಕೆ ಹೋದರು.) ಶೀತವಿದ್ದವರು ಕೂತು ಕೇಳುತ್ತಾರೆ, ಹಾಡುವುದಿಲ್ಲ. ಅದಕ್ಕೆ ಬೈಗುಳವೂ ಇಲ್ಲ, ಮುಖ ಸಣ್ಣಗೆ ಮಾಡುವುದೂ ಇಲ್ಲ. ಇಷ್ಟು ಸಣ್ಣ ವಿಷಯಗಳು ಮಗಳೇ, ಇಷ್ಟೇ ಸಣ್ಣವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ನನ್ನ ಕೈಯಲ್ಲಿ ದೊಣ್ಣೆ ಇತ್ತೆಂದು ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ಕಂಚು ಐದು ವಾರ ಹಾಡಲಿಲ್ಲ. ವಾರ್ಷಿಕ ಕಾರ್ಯಕ್ರಮದಲ್ಲಿ ಪುಟ ಮಗುಚುವ ಕೆಲಸ ಅವಳದು. ಅವಳ ಒಂಟಿ ಸಾಲನ್ನು ಎಲ್ಲ ಮಕ್ಕಳೂ ಸೇರಿ, ಎರಡು ಮನೆ ಕೆಳಗಿನ ಶ್ರುತಿಯಲ್ಲಿ ಹಾಡಿದರು. "ಈ ಸಲ ಸ್ವಲ್ಪ ಸಪ್ಪೆ ಆಯ್ತು ಮೇಡಂ" ಎಂದರು ಕಾರ್ಯದರ್ಶಿ. "ಹೌದು, ಸಪ್ಪೆ ಆಯ್ತು" ಎಂದೆ. ಕೇಳಿ ಅವರಿಗೇ ದಿಗಿಲಾಯಿತು, ನಾನು ಯಾವತ್ತು ಇಷ್ಟು ಸುಲಭವಾಗಿ ಒಪ್ಪಿಕೊಂಡಿದ್ದೆ!

ಮಂಗಳವಾರ

ಭಾನುವಾರ ಇಲ್ಲಿಗೆ ನಿಲ್ಲಿಸಿದ್ದೆ. ಅಪ್ಪ ಬಂದರು, ಕಾಗದ ಮಡಚಿ ದಿಂಬಿನ ಕೆಳಗೆ ಸೇರಿಸಿದೆ. ಈ ವಯಸ್ಸಿನಲ್ಲಿ ಗಂಡನಿಂದ ಕಾಗದ ಮುಚ್ಚಿಡುವುದೆಂದರೆ ನಗು ಬರುತ್ತದೆ.

ಕಂಚು ಮತ್ತೆ ಹಾಡಲು ಬಂದ ದಿನದ ಬಗ್ಗೆ ಹೇಳಬೇಕು. ಡಾಕ್ಟರು ಮತ್ತೆ ನೋಡಿ, ಗಂಟು ಬಹುಪಾಲು ಕರಗಿದೆ, ಕೆಳಗಿನ ಶ್ರುತಿಯಲ್ಲಿ ದಿನಕ್ಕೆ ಹತ್ತು ನಿಮಿಷ ಹಾಡಲಿ ಎಂದಿದ್ದರು. ನಾನು ಗುಂಡಿಯನ್ನು ಎರಡು ಸಲ ಒತ್ತಿದೆ, "ಇಳಿಸಿದೀನಿ, ಹಾಡು" ಎಂದೆ. ಅವಳು ಮೊದಲ ಸ್ವರಕ್ಕೆ ಬಾಯಿ ತೆರೆದಳು, ಮುಚ್ಚಿದಳು.

"ಟೀಚರ್, ಇಳಿದಿಲ್ಲ."

ಎಷ್ಟು ಸಲೀಸಾಗಿ ಹೇಳಿದಳು ಗೊತ್ತಾ? ಹೆದರಿಕೆ ಇಲ್ಲ, ಅಳುಕಿಲ್ಲ, "ಲೈಟ್ ಹಾಕಿಲ್ಲ ಟೀಚರ್" ಅಂದ ಹಾಗೆ. ನೋಡಿದರೆ ನಿಜವೇ. ಹೊಸ ಕೀಬೋರ್ಡಿನಲ್ಲಿ ಆ ಗುಂಡಿಯನ್ನು ಇನ್ನೊಂದು ಗುಂಡಿಯ ಜೊತೆಗೆ ಒತ್ತಬೇಕಂತೆ, ನಾನು ಮರೆತಿದ್ದೆ. ಪುಟ್ಟ ಪರದೆಯಲ್ಲಿ ಸೊನ್ನೆ ಕಾಣುತ್ತಿತ್ತು. "ಹೌದು ಕಣೆ, ಇಳಿದಿಲ್ಲ, ನೀನು ಹೇಳಿದ್ದೇ ಸರಿ" ಅನ್ನಬೇಕಿತ್ತು, ಅಷ್ಟೇ. ಬಾಯಿಗೆ ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಯಿತು ನನ್ನ ಪಾಡು. ಮಕ್ಕಳು ಕಿಸಿಕಿಸಿ ನಗತೊಡಗಿದರು. ತಲೆ ಸುತ್ತುತ್ತಿದೆ ಎಂದು ಸುಳ್ಳು ಹೇಳಿ ಬೆಂಚಿನ ಮೇಲೆ ಕೂತೆ. ಕಂಚುವೇ ತನ್ನ ಬಾಟಲಿಯಿಂದ ನೀರು ಕೊಟ್ಟಳು. ಆಮೇಲೆ ಆ ಮಾತು ಹೇಳಿದೆ. ಅವಳಿಗೆ ಅದೇನೂ ವಿಶೇಷ ಅನ್ನಿಸಲಿಲ್ಲ.

ಈಗ ನಿನ್ನ ಕಾಗದದ ವಿಷಯಕ್ಕೆ ಬರುತ್ತೇನೆ. "ಮರಿಗೆ ಈ ರಜೆಯಲ್ಲಿ ಹಾಡು ಹೇಳಿಕೊಡ್ತೀಯಾ ಅಮ್ಮ? ಮನೆಯಲ್ಲಿ ದಿನವಿಡೀ ಹಾಡ್ತಾಳೆ. ಸರಿಯಾಗಿ ಹಾಡ್ತಾಳೋ ಇಲ್ಲವೋ ನನಗೆ ಗೊತ್ತಾಗಲ್ಲ, ನನ್ನ ಕಿವಿ ನಂಬುವ ಹಾಗಿಲ್ಲ ಅಂತ ನಿನಗೇ ಗೊತ್ತು" ಎಂದು ಬರೆದಿದ್ದೀಯ. ಏಳು ವರ್ಷದ ಮೊಮ್ಮಗಳು ರಜೆಗೆ ಬರುತ್ತಾಳೆಂದರೆ ಯಾವ ಅಜ್ಜಿ ಬೇಡ ಅನ್ನುತ್ತಾಳೆ? ಆದರೂ ಎರಡು ತಿಂಗಳು ಉತ್ತರ ಕೊಡಲಿಲ್ಲ. ಯಾವ ಕೈಗೆ ನೀನು ಮಗುವನ್ನು ಕೊಡುತ್ತಿದ್ದೀಯ ಎಂದು ನಿನಗೆ ಪೂರ್ತಿ ತಿಳಿಯದೆ "ಕಳಿಸು" ಅನ್ನುವುದು ಹೇಗೆ?

ಆ ಸ್ಪರ್ಧೆಯ ವಿಷಯ ನಾವು ಎಂದೂ ಬಾಯಿಬಿಟ್ಟು ಆಡಲಿಲ್ಲ. ನೀನು ಆ ಎತ್ತರದ ಸ್ವರ ಮುಟ್ಟಿದೆ, ಕಪ್ ಬಂತು, ಎಂಟು ದಿನಕ್ಕೆ ಧ್ವನಿ ಹೋಯಿತು. ಆ ಕಪ್ ಕಪಾಟಿನ ಮೇಲಿದೆ, ಅಪ್ಪ ಅದರಲ್ಲಿ ಕೆಂಪು ಪೆನ್ನುಗಳನ್ನು ಇಡುತ್ತಾರೆ. ಕಪ್ ಗೆದ್ದರೆ ಕೆಲಸ ಕಾಯಂ ಮಾಡುತ್ತೇವೆಂದು ಆಗ ನಾನು ಹಾಡು ಕಲಿಸುತ್ತಿದ್ದ ಶಾಲೆಯವರು ಹೇಳಿದ್ದರು, ಅದಕ್ಕೇ ಒತ್ತಾಯ ಮಾಡಿದೆ ಎಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ. ಮುಂದಿನ ಸಾಲಿನಲ್ಲಿ ಕೂತವರು ನಿನ್ನ ಹಾಡು ಕೇಳಿ, ಇವಳ ಅಮ್ಮ ಯಾರು ಎಂದು ತಿರುಗಿ ನೋಡಬೇಕೆಂಬ ಆಸೆ ಉಳಿದರ್ಧ. ನೋಡಿದರು. ನಾನು ಸೆರಗು ಸರಿ ಮಾಡಿಕೊಂಡೆ. ನಿನ್ನ ಮುಖ ಆಗ ಹೇಗಿತ್ತೆಂದು ನನಗೆ ನೆನಪಿಲ್ಲ, ನಾನು ಅತ್ತ ನೋಡಿರಲೇ ಇಲ್ಲ.

ನಿನ್ನ ಗಂಟಲು ಕೆಡಿಸಿದವಳು ನಾನು. ತಪ್ಪಾಯಿತು ಮಗಳೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೂ ಹೇಳದೆ ಇರುವುದಕ್ಕಿಂತ ತಡವಾಗಿ ಹೇಳುವುದು ಮೇಲು. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖವೂ ನನಗಿಲ್ಲ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಕನ್ನಡಕದ ಅಂಗಡಿಯಲ್ಲಿ ನಿಂತೇ ಗಾಜು ಉಜ್ಜಬೇಡ, ಸೊಂಟ ಹಿಡಿಯುತ್ತದೆ, ಸ್ಟೂಲು ಹಾಕಿಕೋ. ಮರಿಯ ಎರಡೂ ಕೆನ್ನೆಗೆ ಒಂದೊಂದು ಮುತ್ತು. ನೀವು ಮೂವರೂ ನೂರು ಕಾಲ ನಗುನಗುತ್ತ ಬಾಳಿ. ನಿನ್ನ ಕೈಗೆ ಯಾವ ಕೆಲಸ ಬಂದರೂ ಧೈರ್ಯವಾಗಿ ಮಾಡುವಂತಾಗಲಿ.

ನಿನ್ನ
ಅಮ್ಮ

ವಿ.ಸೂ.: ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಡಿಸಿದೆ. ಇಷ್ಟು ಬರೆದೂ ಬರೆಯಬೇಕಾದದ್ದನ್ನು ಬರೆದಿಲ್ಲ.

ನಿನಗೆ ಹದಿನಾರು ತುಂಬುವ ಹೊತ್ತಿಗೆ ಗಂಟಲು ಸರಿಹೋಗಿತ್ತು. ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತ ನೀನು ಗೆಳತಿಯನ್ನು ಕೂಗಿದ್ದು ಕೇಳಿದೆ, ಗಂಟೆ ಬಾರಿಸಿದ ಹಾಗಿತ್ತು. ಮತ್ತೆ ಹಾಡು ಎಂದೆ. "ನನಗೆ ಶ್ರುತಿ ಗೊತ್ತಾಗಲ್ಲಮ್ಮ, ನನ್ನ ಕಿವಿ ಸರಿ ಇಲ್ಲ" ಎಂದೆ ನೀನು. ಯಾಕೆ ಹಾಗೆ ಅನ್ನುತ್ತೀಯ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಸ್ಪರ್ಧೆಗೆ ಹತ್ತು ದಿನ ಇತ್ತು. ಮಕ್ಕಳೆಲ್ಲ ಹೋದ ಮೇಲೆ ನಾವಿಬ್ಬರೇ ಆ ಕೋಣೆಯಲ್ಲಿದ್ದೆವು. "ಅಮ್ಮಾ, ಗಂಟಲು ಉರೀತಿದೆ. ಎರಡು ಮನೆ ಇಳಿಸ್ತೀಯಾ?" ಎಂದೆ ನೀನು. ನಿನ್ನ ಕಣ್ಣೆದುರಿಗೇ ನಾನು ಗುಂಡಿಯನ್ನು ಎರಡು ಸಲ ಕೆಳಕ್ಕೆ ಒತ್ತಿದೆ. ನೀನು ನೀರು ಕುಡಿಯಲು ಕಿಟಕಿಯ ಕಡೆ ತಿರುಗಿದೆ. ಆಗ ನಾನು ಎರಡು ಸಲ ಮೇಲಕ್ಕೆ ಒತ್ತಿಬಿಟ್ಟೆ. ಇಳಿದಿದೆ ಎಂದುಕೊಂಡರೆ ಹೆದರಿಕೆ ಹೋಗುತ್ತದೆ, ಹೆದರಿಕೆ ಹೋದರೆ ಸ್ವರ ತಾನೇ ಸಿಗುತ್ತದೆ, ಇದು ನನ್ನ ಬುದ್ಧಿವಂತಿಕೆ. ನನ್ನ ಬೆರಳು ಅದೇ ಬಿಳಿ ಮನೆಗಳ ಮೇಲೆ. ನೋಡಿ ಕಂಡುಹಿಡಿಯುವಂತಿರಲಿಲ್ಲ, ಕೇಳಿಯೇ ಹಿಡಿಯಬೇಕಿತ್ತು. ನೀನು ಒಂದು ಸಾಲು ಹಾಡಿ ನಿಲ್ಲಿಸಿದೆ.

"ಇಳಿದ ಹಾಗೆ ಅನ್ನಿಸ್ತಿಲ್ಲಮ್ಮ."

"ನಿನ್ನ ಎದುರಿಗೇ ಇಳಿಸಿದೆನಲ್ಲೇ. ಶೀತಕ್ಕೆ ನಿನ್ನ ಕಿವಿ ಕಟ್ಟಿಕೊಂಡಿದೆ, ಅದಕ್ಕೇ ಹಾಗೆ ಕೇಳುತ್ತೆ."

ನೀನು ಕಿವಿ ಹಿಡಿದು ಎಳೆದುಕೊಂಡೆ. ಬಾಯಿ ದೊಡ್ಡದಾಗಿ ತೆರೆದು ಆಕಳಿಸಿ ನೋಡಿದೆ. ಮತ್ತೆ ಹಾಡಿದೆ. ಮೂರು ವರ್ಷದವಳಿದ್ದಾಗ ಕುಕ್ಕರಿನ ಸೀಟಿಯೂ ಮುದ್ರಣಾಲಯದ ಗಂಟೆಯೂ ಒಂದೇ ಸ್ವರ ಎಂದು ಹೇಳಿದ ಮಗು ನೀನು. ನಾನು ಓಡಿಹೋಗಿ ನುಡಿಸಿ ನೋಡಿದ್ದೆ, ಒಂದೇ ಆಗಿತ್ತು. ಅಂಥ ಕಿವಿಯ ಎದುರು ಹತ್ತು ದಿನ ಅದೇ ಸುಳ್ಳು ಹೇಳಿದೆ. ಐದನೆಯ ದಿನದಿಂದ ನೀನು ಕೇಳುವುದನ್ನೇ ಬಿಟ್ಟೆ. ಪ್ರತಿ ಸ್ವರದ ಕೊನೆಗೆ ನನ್ನ ಮುಖ ನೋಡತೊಡಗಿದೆ, ಸರಿಯಾ ಎಂದು. ಆ ನೋಟ ಆಮೇಲೆ ಹೋಗಲೇ ಇಲ್ಲ. ಇವಳು ಕನ್ನಡಕದ ಒಂದು ಗಾಜನ್ನು ಮೂರು ಸಲ ಅಳೆದು, ನಾಲ್ಕನೆಯ ಸಲ ಪಕ್ಕದವರ ಕೈಗೆ ಕೊಡುತ್ತಾಳೆ ಎಂದು ಅಳಿಯಂದಿರು ತಮಾಷೆ ಮಾಡಿದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಫೋನು ಮಾಡಿದಾಗಲೆಲ್ಲ "ಅಮ್ಮ, ನನ್ನ ಧ್ವನಿ ಸರಿಯಾಗಿ ಕೇಳಿಸ್ತಿದೆಯಾ?" ಎಂದೇ ಶುರು ಮಾಡುತ್ತೀಯ. ಅದಕ್ಕೇ ಫೋನಿನಲ್ಲಿ ಈ ಮಾತು ಹೇಳಲಾಗಲಿಲ್ಲ.

ಗಂಟಲಿನ ಗಂಟು ಕರಗಿತು. ಇದು ಕರಗಲಿಲ್ಲ.

ಮರಿಯ ಹಾಡನ್ನು ಫೋನಿಗೆ ಕಳಿಸಿದ್ದೆಯಲ್ಲ. ಜೊತೆಗೆ ಕಾಗದದ ಅಂಚಿನಲ್ಲಿ, "ಮೂರನೆಯ ಸಾಲಿಗೆ ಬರುವಾಗ ಸ್ವಲ್ಪ ಇಳೀತಾಳೆ ಅನ್ನಿಸುತ್ತೆ, ನನ್ನ ಭ್ರಮೆ ಇರಬಹುದು" ಎಂದು ಬರೆದು, ಅದನ್ನೂ ಹೊಡೆದುಹಾಕಿದ್ದೀಯ. ಹೊಡೆದುಹಾಕಿದ್ದು ಓದಲು ಬರುವಂತಿತ್ತು. ನಿನ್ನೆ ಕೋಣೆಯಲ್ಲಿ ಒಬ್ಬಳೇ ಕೂತು, ಕೀಬೋರ್ಡ್ ಪಕ್ಕ ಫೋನಿಟ್ಟು, ಸಾಲು ಸಾಲಾಗಿ ಹೋಲಿಸಿ ನೋಡಿದೆ.

ಮೂರನೆಯ ಸಾಲಿನಲ್ಲೇ ಇಳಿದಿದ್ದಾಳೆ. ಸರಿಯಾಗಿ ಅಲ್ಲೇ, ಒಂದೇ ಮನೆ.

ರಜೆಗೆ ಮರಿಯನ್ನು ಕಳಿಸುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಕಳಿಸಿದರೆ ಕತೆ ಹೇಳುತ್ತೇನೆ, ತಲೆ ಬಾಚುತ್ತೇನೆ. ಹಾಡು ಮಾತ್ರ ನೀನೇ ಹೇಳಿಕೊಡು. ಇಳಿದಿದೆ ಎಂದು ನಿನಗೆ ಅನ್ನಿಸಿದರೆ ಇಳಿದೇ ಇರುತ್ತದೆ, ನನ್ನನ್ನು ಕೇಳಬೇಡ.